ಕೋಳಿಯ ನೀರು

ಈ ತಿಂಗಳೂ ನಾನು ಮುಟ್ಟಾಗಲಿಲ್ಲ. ಯುಗಾದಿಗೂ ಹಿಂದಿನಿಂದ ಹೀಗೇ. ಅವ್ವನಿಗೂ ಹೇಳಿಲ್ಲ. ಮದುವೆಯಾಗದ ಹುಡುಗಿ ಇಂಥದ್ದನ್ನು ಬಾಯಿಬಿಟ್ಟರೆ, ಕೇಳಿದವರ ಕಣ್ಣು ಮೊದಲು ಅವಳ ಹೊಟ್ಟೆಗೆ ಹೋಗುತ್ತದೆ.

"ಯಾವ ರಂಡಿ ಮುಟ್ಟಾದಾಗ ಶೆಡ್ಡಿನ್ಯಾಗ ಕಾಲಿಟ್ಟಾಕಿ? ಬಾಯಿ ಬಿಡ್ರಿ."

ಸಾವ್ಕಾರ ಕೊಟ್ರಪ್ಪ ತತ್ತಿಯ ಟ್ರೇಯನ್ನು ಒದ್ದ. ಚಿಪ್ಪೇ ಇಲ್ಲದ ತತ್ತಿಯೊಂದು ಉರುಳಿ ಬಂದು ನನ್ನ ಕಾಲಬಳಿ ಒಡೆಯಿತು. ಬೆಳ್ಳಟ್ಟಿ ದಾರಿಯ ಈ ಕೋಳಿ ಫಾರಮ್ಮಿನಲ್ಲಿ ತತ್ತಿ ದಿನದಿನಕ್ಕೆ ಇಳಿಯುತ್ತಿತ್ತು. ಇಟ್ಟವುಗಳಲ್ಲೂ ಬಹಳಷ್ಟು ಹೀಗೆ, ಕೈಗೆ ಮೆತ್ತಗೆ ತೊಗಲಿನಂತೆ. ಅವು ಗದಗಿನ ಗಾಡಿ ಹತ್ತುವುದಿಲ್ಲ. ಶೆಡ್ಡಿನ ಹಿಂದೆ ಇರುವ ನಮಗೆ ಕೊಡುತ್ತಾರೆ. ನಾವು ಪಲ್ಯ ಮಾಡಿಕೊಂಡು ತಿನ್ನುತ್ತೇವೆ.

ಮುಟ್ಟಾದವಳು ಶೆಡ್ಡಿನ ಹೊರಗೆ ಕೂರಬೇಕು, ಆ ದಿನಗಳ ಪಗಾರ ಇಲ್ಲ. ಅದು ಇಲ್ಲಿಯ ಕಟ್ಟಳೆ.

"ಏ ಬೀಎ," ಎಂದ ಸಾವ್ಕಾರ. ಲಕ್ಷ್ಮೇಶ್ವರದಲ್ಲಿ ಓದಿದ ನನ್ನನ್ನು ಅವನು ಕರೆಯುವುದೇ ಹಾಗೆ. "ನೀ ಹೊರಗ ಕುಂತು ಎಷ್ಟ ತಿಂಗಳಾತು? ಪಗಾರದ ಆಸೇಕ ಮುಚ್ಚಿಟಗೊಂಡು ನನ್ನ ಕೋಳಿಗೆ ಮೈಲಿಗಿ ಮಾಡೀದಿ ಹೌದಿಲ್ಲ?"

ನನ್ನವ್ವ ಅಮೃತವ್ವ ಅವನ ಕಾಲಿಗೆ ಬಿದ್ದಳು. "ತಪ್ಪಾತ್ರೀ ಯಪ್ಪಾ. ತಿಳೀಲಾರದಾಕಿ, ಹೊಟ್ಯಾಗ ಹಾಕ್ಕೋರಿ."

ಅವ್ವನೂ ನಂಬಿಬಿಟ್ಟಿದ್ದಳು.

ಶೆಡ್ಡಿಗೆಲ್ಲ ಆಕಳ ಉಚ್ಚೆ ಚಿಮುಕಿಸಿ ತೊಳೆಯುವುದು ನನ್ನ ಪಾಲಿಗೆ ಬಂತು. ಪೊರಕೆ ಹಿಡಿದು ಜೊತೆಗೆ ಬಂದ ಪಕ್ಕದ ಮನೆಯ ಮೋತಿಬಿ ಗೊಣಗಿದಳು, "ದಿನಾ ಹಡಿಯೂ ಕೋಳಿಗೆ ಮೈಲಿಗಿಲ್ಲ. ನಮಗಷ್ಟ ನೋಡವಾ." ಆಮೇಲೆ ದನಿ ತಗ್ಗಿಸಿದಳು. "ನಮ್ಮ ಸೊಸಿ ನಸ್ರೀನಂದು ಮತ್ತ ಬಸರ ಇಳೀತು."

ಕೋಳಿಗಳ ರಕ್ತವನ್ನೂ ಬೋರಿನ ನೀರನ್ನೂ ಪರೀಕ್ಷೆಗೆ ಒಯ್ದಿದ್ದ ದನದ ಡಾಕ್ಟರ್ ನಂದೀಶ ಆ ವಾರವೇ ಬಂದರು.

"ಸಾವ್ಕಾರ್ರ, ನೀರಿನ್ಯಾಗ ಸೀಸ ಐತ್ರಿ. ನೀವು ಹಿತ್ತಲದಾಗ ಹಳೇ ಬ್ಯಾಟರಿ ಕರಗಸ್ತೀರಲ್ಲ, ಆ ಹೊಲಸು ಬೋರಿಗೆ ಇಳದೈತಿ. ಕೋಳಿ ಅಂಡಾಶಯಕ್ಕ ಹತ್ತೇತ್ರಿ. ಕಾಳಿನ್ಯಾಗ ಖನಿಜದ ಪುಡಿ ಕಲಸಿ ಹಾಕ್ರಿ. ಸತು, ಸೆಲೆನಿಯಂ, ಕ್ಯಾಲ್ಸಿಯಂ. ಆದ್ರ ಪುಡಿ ಒಂದರಿಂದ ಆಗೂದಿಲ್ಲ, ಮೊದಲ ನೀರು ಬದ್ಲಿ ಮಾಡ್ರಿ."

"ಪಾಪ, ಬಾಯಿಲ್ಲದ ಜೀವ," ಎಂದ ಸಾವ್ಕಾರ. ನನ್ನತ್ತ ತಿರುಗಿಯೂ ನೋಡಲಿಲ್ಲ.

ಬ್ಯಾಟರಿಯ ಹೊಗೆ ನಿಲ್ಲಲಿಲ್ಲ. ಆದರೆ ಪುಡಿಯ ಚೀಲಗಳು ಬಂದವು, ಸಿಹಿನೀರಿನ ಟ್ಯಾಂಕರ್ ಬಂತು. ಡಾಕ್ಟರ್ ನಿಂತು ತೋರಿಸಿಕೊಟ್ಟರು. ನಾನು ಮೊಣಕೈ ತನಕ ಕೈಯನ್ನು ಕಾಳಿನಲ್ಲಿ ಇಳಿಸಿ ಪುಡಿ ಕಲಸಿದೆ. ಅವ್ವ ತನ್ನ ಕೊಡವನ್ನು ಟ್ಯಾಂಕರಿನ ನಳಕ್ಕೆ ಹಿಡಿದಳು. ಸಾವ್ಕಾರ ಕಾಲಿಂದ ಕೊಡ ಉರುಳಿಸಿದ.

"ಏ ಮುದುಕಿ, ಅದು ಕೋಳಿ ನೀರು. ನಿಮಗ ಬೋರಿಂದು ಐತೆಲ್ಲ, ಹುಟ್ಟಿದಾಗಿಂದ ಕುಡದೀರಿ, ಏನ ಸತ್ತೀರೇನು?"

ಡಾಕ್ಟರ್ ತಮ್ಮ ಬೂಟು ನೋಡಿಕೊಂಡರು. ಅವ್ವ ಕೊಡ ಎತ್ತಿ ಸೆರಗಿನಿಂದ ಮಣ್ಣು ಒರೆಸಿ, ಬೋರಿನ ಕಡೆ ಹೊರಟಳು.

ನಾನು ಕೊಡ ಕಸಿದುಕೊಂಡು ಮತ್ತೆ ನಳದ ಕೆಳಗಿಟ್ಟೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇನ್ನೊಂದು ಗಳಿಗೆಗೆ ಅವರ ಕಣ್ಣು ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿತ್ತು.

"ಡಾಕ್ಟರ್ರ," ಎಂದೆ, "ನಂದೂ ಮುಟ್ಟು ನಿಂತೈತ್ರಿ."