ವಾಹನ ಮುಟ್ಟಬಾರದು

ಬೆಳಗ್ಗೆ ಎಂಟಾಗುವಷ್ಟರಲ್ಲಿ ವಸಂತಿಯ ಎರಡೂ ಅಂಗೈ ಕಪ್ಪಾಗಿರುತ್ತಿದ್ದವು. ಕಾರುಗಳ ಹಿಂಬದಿಯ ಧೂಳು, ಹೊಗೆಯ ಮಸಿ, ಮಳೆ ಬಂದರೆ ಕೆಸರು. ಸೋಪು ಹಾಕಿ ಎಷ್ಟು ತಿಕ್ಕಿದರೂ ಗೆರೆಗಳೊಳಗಿನ ಕಪ್ಪು ಹೋಗುತ್ತಿರಲಿಲ್ಲ. ಆ ಕೈಯಲ್ಲೇ ಮಧ್ಯಾಹ್ನದ ಬುತ್ತಿ. ಅದನ್ನೂ ನಿಂತೇ ಉಣ್ಣಬೇಕು. ಮೊದಲು ಗೇಟಿನ ಹತ್ತಿರ ತಗಡಿನ ಮಾಡಿನ ಕೆಳಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಹೊಸ ಗುತ್ತಿಗೆ ಕಂಪನಿ ಬಂದ ವಾರವೇ ಅವನ್ನು ಎತ್ತಿಸಿತು. ಕೂತಿದ್ದರೆ ಕೆಲಸ ಮಾಡಿದ ಹಾಗೆ ಕಾಣುವುದಿಲ್ಲವಂತೆ. ಹಾಗೆಂದವರು ಎಸಿ ರೂಮಿನಲ್ಲಿ ಕೂತುಕೊಂಡೇ ಹೇಳಿದ್ದರು.

ತ್ರಿಪ್ಪುಣಿತ್ತುರದಲ್ಲಿ ಮೆಟ್ರೋ ಮುಗಿಯುವಲ್ಲಿಂದ ಸ್ವಲ್ಪ ನಡೆದರೆ ಈ ಮೈದಾನ. ಸಾರ್ವಜನಿಕ ಪಾರ್ಕಿಂಗ್. ಆಫೀಸಿನವರು ಬೆಳಗ್ಗೆ ಕಾರು ಇಲ್ಲಿ ಬಿಟ್ಟು, ಮೆಟ್ರೋ ಹತ್ತಿ ಎರ್ನಾಕುಳಕ್ಕೆ ಹೋಗಿ, ಸಂಜೆ ಬಂದು ಒಯ್ಯುತ್ತಾರೆ. ನೆಲದ ಮೇಲೆ ಬಿಳಿ ಗೆರೆ ಎಳೆದದ್ದು ನಲವತ್ತು ಕಾರಿಗೆ. ನಿಲ್ಲುತ್ತಿದ್ದದ್ದು ಅರವತ್ತು.

ಅದು ಹೇಗೆ ಅಂದರೆ, ಓಡಾಡಲು ಬಿಟ್ಟ ದಾರಿಯಲ್ಲೂ ಅಡ್ಡ ಒಂದು ಸಾಲು. ಆ ಸಾಲಿನವರು ಗೇರನ್ನು ನ್ಯೂಟ್ರಲ್‌ನಲ್ಲಿ ಬಿಟ್ಟು, ಹ್ಯಾಂಡ್‌ಬ್ರೇಕ್ ಹಾಕದೆ, ಬೀಗ ಹಾಕಿಕೊಂಡು ಹೋಗಬೇಕು. ಹಿಂದಿನ ಕಾರು ಹೊರಡುವಾಗ ಅಡ್ಡ ನಿಂತದ್ದನ್ನು ಹೆಂಗಸರು ತಳ್ಳಿ ದಾರಿ ಬಿಡಿಸಬೇಕು. ಒಬ್ಬಳು ಹಿಂದಿನಿಂದ ತಳ್ಳುವುದು. ಇನ್ನೊಬ್ಬಳು ಮುಂದೆ ನಿಂತು, ಬಾನೆಟ್ಟಿಗೆ ಕೈಕೊಟ್ಟು, ಹಿಂದಕ್ಕೆ ಹೆಜ್ಜೆ ಇಡುತ್ತಾ ತಡೆಯುವುದು. ತಳ್ಳುವವಳಿಗೆ ಮುಂದೆ ಏನಿದೆಯೆಂದು ಕಾಣುವುದಿಲ್ಲ. ತಡೆಯುವವಳಿಗೆ ಬೆನ್ನಹಿಂದೆ ಏನಿದೆಯೆಂದು ಕಾಣುವುದಿಲ್ಲ. ಅದಕ್ಕೆ ಪಕ್ಕದಲ್ಲಿ ಯಾರಿದ್ದರೂ, ಕಾರಿನ ಯಜಮಾನನೇ ಆಗಲಿ, ಕಂಬವೋ ಗೋಡೆಯೋ ಹತ್ತಿರ ಬಂದಾಗ "ಕೈ!" ಎಂದು ಕೂಗಬೇಕು. ಕೂಗಿದ ಕೂಡಲೇ ಮುಂದಿನವಳು ಕೈ ಎಳೆದುಕೊಂಡು ಪಕ್ಕಕ್ಕೆ ಸರಿಯುತ್ತಾಳೆ. ಆ ಮೈದಾನಕ್ಕೆ ಬರುವ ಎಲ್ಲರಿಗೂ ಇದು ಗೊತ್ತಿತ್ತು. ಅಲ್ಲಿದ್ದ ಕಾನೂನು ಅದೊಂದೇ.

ಮೈದಾನವನ್ನು ಮೊದಲು ಹೆಂಗಸರ ಸಂಘವೇ ನಡೆಸುತ್ತಿತ್ತು. ಕುಂಬಳೆಯ ವಸಂತಿ, ಮಟ್ಟಾಂಚೇರಿಯ ಫಾತಿಮಾ, ಇಲ್ಲಿಯವಳೇ ಆದ ಸುಮಿತ್ರ, ಇನ್ನೊಬ್ಬಳು. ವಸಂತಿಯ ಗಂಡ ಇಲ್ಲಿನ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುವವ. ಈ ವರ್ಷ ನಗರಸಭೆ ಗುತ್ತಿಗೆಯನ್ನು ಕಂಪನಿಗೆ ಕೊಟ್ಟಿತು. ಸಂಘ ಹೋಯಿತು, ಹೆಂಗಸರು ಉಳಿದರು. ಮೇಲೆ ವಿನಯ್ ಎಂಬ ಸೂಪರ್‌ವೈಸರ್ ಬಂದ. ಕುತ್ತಿಗೆಯಲ್ಲಿ ಕಾರ್ಡು, ಕೈಯಲ್ಲಿ ಎರಡು ಫೋನು.

ಮೊದಲ ತಿಂಗಳಲ್ಲೇ ನಿಯಮ ಮೂರು ಸಲ ಬದಲಾಯಿತು. ಅರ್ಧ ಗಂಟೆ ಉಚಿತ ಅಂದರು. ಆಮೇಲೆ ಇಲ್ಲ ಅಂದರು. ಸ್ಕೂಟರುಗಳನ್ನು ಒಳಗೆ ಅಂದರು, ಹೊರಗೆ ಅಂದರು. ಪ್ರತಿ ಸಲವೂ ಬೈಗುಳ ತಿಂದದ್ದು ಗೇಟಿನಲ್ಲಿ ನಿಂತ ಹೆಂಗಸರು. ಕೊನೆಗೆ ಒಂದು ದೊಡ್ಡ ನೀಲಿ ಬೋರ್ಡು ಬಂತು. ಗೆರೆಯೊಳಗೆ ಮಾತ್ರ ನಿಲ್ಲಿಸಬೇಕು. ಹ್ಯಾಂಡ್‌ಬ್ರೇಕ್ ಕಡ್ಡಾಯ. ವಾಹನ ನಿಲ್ಲಿಸುವುದೂ ತೆಗೆಯುವುದೂ ಮಾಲೀಕರ ಜವಾಬ್ದಾರಿ. ಎಲ್ಲಕ್ಕಿಂತ ಕೆಳಗೆ ಕೆಂಪಕ್ಷರದಲ್ಲಿ, ಸಿಬ್ಬಂದಿ ಯಾವ ಕಾರಣಕ್ಕೂ ವಾಹನ ಮುಟ್ಟಬಾರದು.

ಸುಮಿತ್ರ ಅದನ್ನು ಓದಿ ನಕ್ಕಳು. "ದೇವರಿದ್ದಾನೆ. ಇನ್ನು ತಳ್ಳುವುದು ಬೇಡ."

ವಿನಯ್ ನಗಲಿಲ್ಲ. ಬೋರ್ಡಿಗೆ ಬೆನ್ನು ಹಾಕಿ ನಿಂತು ಅಕ್ಕ ಅನ್ನುವ ಹಾಗೆ ಚೇಚಿ ಎಂದು ಕರೆದು ಸಣ್ಣ ದನಿಯಲ್ಲಿ ಹೇಳಿದ. "ಚೇಚಿ, ಅದು ನಗರಸಭೆಗೆ ತೋರಿಸಲಿಕ್ಕೆ. ಒಂದು ಕಾರನ್ನೂ ವಾಪಸ್ ಕಳಿಸಬೇಡಿ. ಮೊದಲಿನ ಹಾಗೇ ನಡೆಯಲಿ. ಆಗುವುದಿಲ್ಲ ಅನ್ನುವವರು ಈಗಲೇ ಹೇಳಿ, ಬೇರೆಯವರು ಕಾದಿದ್ದಾರೆ."

ಮುಟ್ಟಬಾರದು ಎಂಬ ಮಾತು ವಸಂತಿಗೆ ಹೊಸದಲ್ಲ. ಅವಳ ಅಜ್ಜಿ ಕುಂಬಳೆಯ ಬಾವಿಕಟ್ಟೆಗಳಲ್ಲಿ ಅದನ್ನು ಕೇಳಿಕೊಂಡೇ ಬೆಳೆದವಳು. ಮುಟ್ಟಬೇಡ ಎಂದವರೇ ಮರುಗಳಿಗೆಯಲ್ಲಿ ಅಜ್ಜಿಯ ತಲೆಯ ಮೇಲೆ ಗೊಬ್ಬರದ ಬುಟ್ಟಿ ಹೊರಿಸುತ್ತಿದ್ದರು. ಇಲ್ಲಿ ಬೋರ್ಡು ಒಂದು ಹೇಳುತ್ತದೆ, ಬಾಯಿ ಒಂದು ಹೇಳುತ್ತದೆ. ದುಡಿಯುವವಳು ಬಾಯಿಯನ್ನೇ ಕೇಳಬೇಕು. ಕೇಳಿದರು.

ಆ ಮೈದಾನದಲ್ಲಿ ವಸಂತಿಗೆ ಕನ್ನಡ ಮಾತಾಡಲು ಸಿಗುತ್ತಿದ್ದದ್ದು ಒಬ್ಬರೇ. ಹಯವದನ ರಾಯರು. ಮೈಸೂರಿನವರು, ಬ್ಯಾಂಕಿನಲ್ಲಿ ದೊಡ್ಡ ಆಫೀಸರು, ವರ್ಗವಾಗಿ ಬಂದವರು. ಅವಳ ಕನ್ನಡ ಕೇಳಿದ ಮೊದಲ ದಿನ ಕಾರಿನ ಗಾಜು ಇಳಿಸಿ, "ಅಯ್ಯೋ, ನಮ್ಮವರೇ!" ಅಂದಿದ್ದರು. ವಸಂತಿಗೆ ಅವತ್ತು ಎಷ್ಟು ಖುಷಿಯಾಗಿತ್ತೆಂದರೆ ಮನೆಗೆ ಹೋಗಿ ಗಂಡನಿಗೂ ಹೇಳಿದ್ದಳು. ಅಲ್ಲಿಂದ ಮುಂದೆ ಮಳೆ ಬಂದರೆ ರಾಯರ ಕಾರು ತಗಡಿನ ಮಾಡಿನ ಹತ್ತಿರ. ಅವರು ತಡವಾಗಿ ಬಂದರೂ ಅವರಿಗೊಂದು ಜಾಗ. ನಮ್ಮವರು ಎಂಬ ಒಂದು ಮಾತಿಗೆ ಅವಳು ಅಷ್ಟು ಕೊಟ್ಟಿದ್ದಳು.

ಬೋರ್ಡು ಬಂದ ಮೇಲೆ ಒಂದು ಸಂಜೆ ಮಳೆ ಬಂದು ನಿಂತಿತ್ತು. ರಾಯರ ಕಾರು ಹಿಂದಿನ ಸಾಲಿನಲ್ಲಿ. ಅಡ್ಡ ಒಂದು ಭಾರೀ ಬಿಳಿ ಕಾರು. ಗೇಟಿನ ಕಡೆಗೆ ನೆಲ ಇಳಿಜಾರು, ತುದಿಯಲ್ಲಿ ಕಾಂಕ್ರೀಟ್ ಕಂಬ.

"ವಸಂತಿ, ಬೇಗ ತಳ್ಳಮ್ಮ. ಮಗಳನ್ನ ಡ್ಯಾನ್ಸ್ ಕ್ಲಾಸಿಂದ ಕರ್ಕೊಂಡು ಹೋಗ್ಬೇಕು."

"ನೆಲ ಜಾರ್ತಾ ಉಂಟು ಸಾರ್. ಆ ಕಾರಿನವರು ಈಗ ಬರ್ತಾರೆ, ಸ್ವಲ್ಪ ನಿಲ್ಲಿ."

"ಅಯ್ಯೋ, ಅಷ್ಟು ಹೊತ್ತು ಯಾರು ಕಾಯ್ತಾರೆ? ದಿನಾ ತಳ್ಳಲ್ವಾ? ತಳ್ಳು, ನಾನ್ ನೋಡ್ಕೋತೀನಿ."

ನಾನ್ ನೋಡ್ಕೋತೀನಿ. ಇದೇ ಮಾತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ವಸಂತಿ ಹಿಂದಿನಿಂದ ತಳ್ಳಿದಳು. ಫಾತಿಮಾ ಮುಂದೆ ನಿಂತು ತಡೆದಳು. ಇಳಿಜಾರು ಸಿಕ್ಕಿದ್ದೇ ಕಾರಿಗೆ ವೇಗ ಬಂತು. ಫಾತಿಮಾ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಕಂಬದ ಕಡೆಗೇ ಹೋಗುತ್ತಿದ್ದಳು. ವಸಂತಿಗೆ ಕಂಬ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಒಬ್ಬರಿಗೇ. ತಮ್ಮ ಕಾರಿನ ಬಾಗಿಲು ಹಿಡಿದು, ಕಿವಿಗೆ ಫೋನು ಕೊಟ್ಟು, ಕಂಬದ ಕಡೆಗೇ ಮುಖ ಮಾಡಿ ನಿಂತಿದ್ದ ಹಯವದನ ರಾಯರಿಗೆ. ಅವರ ಕಣ್ಣು ಕಾರಿನ ಮೇಲೆಯೇ ಇತ್ತು. ದಾರಿ ಎಷ್ಟು ಬಿಟ್ಟಿತೆಂದು ನೋಡುತ್ತಿದ್ದರು.

ಯಾರೂ ಕೂಗಲಿಲ್ಲ. ಫಾತಿಮಾಳ ಕಿರುಚು ಮಾತ್ರ ಕೇಳಿತು.

ವಸಂತಿ ಓಡಿ ಬಂದಳು. ಸುಮಿತ್ರಳೂ ಬಂದು ಇಬ್ಬರೂ ಸೇರಿ ಕಾರನ್ನು ಹಿಂದಕ್ಕೆ ನೂಕಿದರು. ಬಂಪರಿಗೂ ಕಂಬಕ್ಕೂ ನಡುವೆ ಸಿಕ್ಕಿದ್ದ ಬಲಗೈ ಜಜ್ಜಿಹೋಗಿತ್ತು. ಅಷ್ಟರಲ್ಲಿ ಬಿಟ್ಟ ದಾರಿಯಲ್ಲಿ ರಾಯರ ಕಾರು ಮೆಲ್ಲಗೆ ಹೊರಟಿತು. ಗಾಜು ಇಳಿಯಿತು. "ಛೆ ಛೆ, ಬೇಗ ಆಸ್ಪತ್ರೆಗೆ ಸೇರ್ಸಿ" ಎಂಬ ಮಾತು ಬಂತು. ಗಾಜು ಏರಿತು. ಅಂಥ ಹೊತ್ತಿನಲ್ಲಿ ಕಾರಿದ್ದವನು ಒಂಟಿಯಾಗಿ ಹೋದ. ಫಾತಿಮಾ ಆಟೋದಲ್ಲಿ ಹೋದಳು.

ವಿನಯ್ ಬಂದವನು ಮೊದಲು ಆಸ್ಪತ್ರೆಗೆ ಹೋಗಲಿಲ್ಲ. ಬೋರ್ಡಿನ ಫೋಟೋ ತೆಗೆದ. ಕೆಂಪಕ್ಷರ ಚೆನ್ನಾಗಿ ಕಾಣುವ ಹಾಗೆ ಇನ್ನೊಂದು ತೆಗೆದ. ಎರಡೇ ದಿನದಲ್ಲಿ ಕಂಪನಿಯ ಉತ್ತರ ಬಂತು. ನಿಯಮ ಮೀರಿ ವಾಹನ ಮುಟ್ಟಿದ್ದು ಸಿಬ್ಬಂದಿಯ ತಪ್ಪು. ಚಿಕಿತ್ಸೆ ಕಂಪನಿಯದಲ್ಲ. ಫಾತಿಮಾ ಇನ್ನು ಕೆಲಸಕ್ಕೆ ಬರುವುದು ಬೇಡ.

"ನೀವೇ ತಳ್ಳಲಿಕ್ಕೆ ಹೇಳಿದ್ದಲ್ಲವೋ?" ಎಂದು ವಸಂತಿ ವಿನಯ್ ಮುಂದೆ ನಿಂತು ಕೇಳಿದಳು.

"ನಾನೋ? ಯಾವಾಗ? ಯಾರು ಕೇಳಿದ್ದಾರೆ?"

ನಾಲ್ಕು ಹೆಂಗಸರು ಕೇಳಿದ್ದರು. ಆದರೆ ಹೆಂಗಸರು ಕೇಳಿದ್ದು ಲೆಕ್ಕಕ್ಕಿಲ್ಲ. ಕಾರಿದ್ದವರು ಯಾರಾದರೂ ಹೇಳಬೇಕು. ವಸಂತಿ ಮರುದಿನ ಬೆಳಗ್ಗೆ ರಾಯರ ಕಾರಿಗೆ ಕಾದು ನಿಂತಳು.

"ಸಾರ್, ನೀವು ಒಂದು ಮಾತು ಹೇಳಿದ್ರೆ ಸಾಕು. ಇಲ್ಲಿ ದಿನಾ ತಳ್ಳುವುದುಂಟು, ಅವತ್ತು ತಳ್ಳಲಿಕ್ಕೆ ಹೇಳಿದ್ದು ನೀವೇ ಅಂತ. ಪಾಪದವಳು ಅವಳು. ಬಲಗೈ ಸಾರ್. ಇನ್ನು ಎಂತ ಮಾಡಿ ಬದುಕುವುದು?"

ರಾಯರು ಆಚೀಚೆ ನೋಡಿದರು. "ನಾನ್ ಫೋನಲ್ಲಿದ್ದೆ ಕಣಮ್ಮ. ಏನೂ ನೋಡ್ಲಿಲ್ಲ. ಊರಿಗೆ ಟ್ರಾನ್ಸ್‌ಫರ್ ಆಗೋ ಟೈಮು, ಪೊಲೀಸು ಗಿಲೀಸು ಅಂತ ನನ್ನ ಎಳೀಬೇಡ. ನೀನು ನಮ್ಮವಳು, ಅರ್ಥ ಮಾಡ್ಕೋ." ಆಮೇಲೆ ಏನೋ ನೆನಪಾದವರಂತೆ ಡ್ಯಾಶ್‌ಬೋರ್ಡಿನಿಂದ ಒಂದು ಟ್ಯೂಬು ತೆಗೆದು ಕೊಟ್ಟರು. "ಇದು ಒಳ್ಳೇ ಮುಲಾಮು. ನೋವಿಗೆ ತುಂಬಾ ಒಳ್ಳೇದು. ಆಯಮ್ಮನಿಗೆ ಕೊಡು."

ಜಜ್ಜಿದ ಮೂಳೆಗೆ ಮುಲಾಮು! ವಸಂತಿ ಅದನ್ನು ಅವರ ಕಾರಿನ ಬಾನೆಟ್ಟಿನ ಮೇಲೆ ಇಟ್ಟು ಬಂದಳು. ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ದಿನ ಇವರಿಗೆ ಮಾಡಿನ ಹತ್ತಿರ ಜಾಗ ಹಿಡಿದು ಕೊಟ್ಟೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಅವತ್ತು ಮಧ್ಯಾಹ್ನ ಉಳಿದ ಮೂವರೂ ಫಾತಿಮಾಳ ಮನೆಗೆ ಹೋದರು. ಅವಳು ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟು ಕೂತಿದ್ದಳು. ಎಡಗೈಯಲ್ಲಿ ತಲೆವಸ್ತ್ರ ಕಟ್ಟಿಕೊಳ್ಳಲು ಬರುವುದಿಲ್ಲವೆಂದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು. "ಬೋರ್ಡು ಇನ್ನೂ ಉಂಟಾ?"

"ಉಂಟು."

"ಅದರಲ್ಲಿ ಇರುವುದನ್ನು ಮೀರಿದ್ದು ತಪ್ಪು ಅಂತಾರಲ್ಲ. ಹಾಗಾದರೆ ಮೀರಬೇಡಿ."

ಅಷ್ಟೇ ಹೇಳಿದಳು. ಉಳಿದವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಸೋಮವಾರ ಬೆಳಗ್ಗೆ ಕಾರುಗಳು ಎಂದಿನಂತೆ ಬಂದವು. ಗೆರೆಗಳು ತುಂಬಿದ ಮೇಲೂ ಬಂದವು. ವಾಪಸ್ ಕಳಿಸಬಾರದೆಂದು ವಿನಯ್ ಹೇಳಿದ್ದನಲ್ಲ, ಹೆಂಗಸರು ಕಳಿಸಲಿಲ್ಲ. ಚೀಟಿ ಕೊಟ್ಟು ಬೋರ್ಡು ತೋರಿಸಿದರು. ಯಾರು ಓದುತ್ತಾರೆ? ಮೆಟ್ರೋ ತಪ್ಪುತ್ತದೆಂಬ ಅವಸರದಲ್ಲಿ ಎಲ್ಲರೂ ದಾರಿಗೆ ಅಡ್ಡ ನಿಲ್ಲಿಸಿ, ಅಭ್ಯಾಸಬಲದಿಂದ ನ್ಯೂಟ್ರಲ್‌ನಲ್ಲಿ ಬಿಟ್ಟು, ಬೀಗ ಹಾಕಿ ಓಡಿದರು. ತಳ್ಳಲು ಹೆಂಗಸರು ಇದ್ದೇ ಇರುತ್ತಾರಲ್ಲ, ಗಾಳಿ ಬೆಳಕು ಇದ್ದ ಹಾಗೆ.

ಸಂಜೆ ಅವರೆಲ್ಲ ಇಳಿದು ಬಂದಾಗ ಮೈದಾನದಲ್ಲಿ ಒಂದು ಕಾರೂ ಅಲುಗುವಂತಿರಲಿಲ್ಲ. ಹೆಂಗಸರು ಮನೆಯಿಂದ ತಂದ ಕುರ್ಚಿಗಳನ್ನು ಬೋರ್ಡಿನ ಕೆಳಗೆ ಹಾಕಿ ಕೂತಿದ್ದರು. ಫಾತಿಮಾಳೂ ಬಂದಿದ್ದಳು, ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಕೈಯಿಟ್ಟುಕೊಂಡು.

ಹಾರ್ನು ಶುರುವಾಯಿತು. ಬೈಗುಳ ಶುರುವಾಯಿತು. ವಸಂತಿ ಎದ್ದು ಕೆಂಪಕ್ಷರದ ಕಡೆಗೆ ಬೆರಳು ತೋರಿಸಿ ಮತ್ತೆ ಕೂತಳು.

ವಿನಯ್ ಬೈಕಿನಲ್ಲಿ ಹಾರಿಬಂದ. "ಏನಾಟ ಚೇಚಿ ಇದು? ತಳ್ಳಿ!"

"ಬೋರ್ಡು?"

"ಬೋರ್ಡು ಹಾಳಾಗಲಿ, ನಾನು ಹೇಳ್ತಿದ್ದೇನೆ."

"ಜೋರಾಗಿ ಹೇಳಿ" ಎಂದಳು ಸುಮಿತ್ರ. "ಇವರೆಲ್ಲ ಕೇಳಲಿ. ದಿನಾ ನೀವೇ ತಳ್ಳಿಸುತ್ತಿದ್ದದ್ದು ಅಂತ ಹೇಳಿ."

ಸುತ್ತ ನಿಂತವರ ಫೋನುಗಳೆಲ್ಲ ಮೇಲೆದ್ದವು. ವಿನಯ್ ದೂರ ಹೋಗಿ ಯಾರಿಗೋ ಫೋನು ಮಾಡತೊಡಗಿದ.

ಗುಂಪನ್ನು ಸರಿಸಿಕೊಂಡು ಹಯವದನ ರಾಯರು ಬಂದರು. ವಸಂತಿಯ ಹತ್ತಿರ ಬಗ್ಗಿ, ಯಾರಿಗೂ ಅರ್ಥವಾಗದ ಕನ್ನಡದಲ್ಲಿ ಮೆಲ್ಲಗೆ ಹೇಳಿದರು. "ನನ್ನ ಮುಂದಿಂದು ಒಂದೇ ಒಂದು ತಳ್ಳಿಬಿಡಮ್ಮ. ಅವತ್ತು ನಾನೇ ಹೇಳಿದ್ದು, ಒಪ್ಕೋತೀನಿ. ನಿಂಗೂ ಗೊತ್ತು, ನಂಗೂ ಗೊತ್ತು. ಬಿಡು ಈಗ."

ವಸಂತಿ ಎದ್ದು ನಿಂತಳು. "ನನ್ನ ಕಿವಿಯಲ್ಲಿ ಕನ್ನಡದಲ್ಲಿ ಎಂತಕ್ಕೆ ಹೇಳುದು? ಕೈ ಹೋದದ್ದು ನಂದಲ್ಲ. ಮಲಯಾಳದಲ್ಲಿ ಹೇಳಿ. ಅವಳಿಗೆ ಹೇಳಿ. ಎಲ್ಲರಿಗೂ ಕೇಳ್ಲಿ."

ರಾಯರ ಮುಖ ಕೆಂಪಾಯಿತು. "ನಮ್ಮವಳು ಅಂತ ನೋಡಿದ್ರೆ" ಎಂದು ಗೊಣಗಿ, ಅಂಗಿಯ ತೋಳು ಮಡಚಿಕೊಂಡು ಅಡ್ಡ ನಿಂತ ಕಾರಿನತ್ತ ಹೋದರು. ಬೇರೊಬ್ಬರು ಹಿಂದಿನಿಂದ ತಳ್ಳತೊಡಗಿದರು. ರಾಯರು ಮುಂದೆ ನಿಂತು ತಡೆದರು. ಹೊಟ್ಟೆ ಒಳಗೆಳೆದುಕೊಂಡು, ಬೂಟು ಜಾರಿಸುತ್ತಾ, ಹಿಂದೆ ಹಿಂದೆ ಹೋದರು. ಇಳಿಜಾರಿಗೆ ಬಂದ ಕೂಡಲೇ ಕಾರು ಅವರ ಮಾತು ಕೇಳಲಿಲ್ಲ. ಹಿಂದೆ ಅದೇ ಕಂಬ.

ವಸಂತಿ ನೋಡುತ್ತಿದ್ದಳು. ಅವಳ ಬಾಯಿ ತೆರೆಯಲಿಲ್ಲ. ಒಂದು ಗಳಿಗೆ ಹಾಗೇ ಆಗಲಿ ಅನ್ನಿಸಿದ್ದು ಸುಳ್ಳಲ್ಲ.

"ಸಾರೇ, ಕೈ!"

ಕೂಗಿದವಳು ಫಾತಿಮಾ. ಕುರ್ಚಿಯಿಂದ ಎದ್ದು ನಿಂತಿದ್ದಳು. ರಾಯರು ಬೆಚ್ಚಿ ಕೈ ಎಳೆದುಕೊಂಡು ಪಕ್ಕಕ್ಕೆ ಹಾರಿದರು. ಬಂಪರು ಕಂಬಕ್ಕೆ ಬಡಿದ ಸದ್ದಿಗೆ ಎಲ್ಲರೂ ಅತ್ತ ತಿರುಗಿದರು.

ರಾಯರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಹತ್ತೂ ಇದ್ದವು.

ಆಗ ವಸಂತಿ ಮಲಯಾಳದಲ್ಲಿ, ಗಂಟಲು ಹರಿಯುವ ಹಾಗೆ ಹೇಳಿದಳು. "ಅವತ್ತು ಈ ಮನುಷ್ಯ ತಳ್ಳು ಅಂದ. ನಾನು ನೋಡ್ಕೋತೇನೆ ಅಂದ. ಇಲ್ಲೇ ನಿಂತು ನೋಡಿದ. ಇವಳು ಈಗ ಕೂಗಿದಳಲ್ಲ, ಆ ಒಂದು ಮಾತು ಕೂಗಲಿಲ್ಲ. ಕೈ ಜಜ್ಜಿದ ಮೇಲೆ ಆ ದಾರಿಯಲ್ಲೇ ಕಾರು ಬಿಟ್ಟುಕೊಂಡು ಹೋದ. ಸುಳ್ಳಾದರೆ ಸುಳ್ಳು ಅಂತ ಹೇಳಿ ಸಾರ್. ಎಲ್ಲರ ಮುಂದೆ ಹೇಳಿ."

ರಾಯರು ಸುಳ್ಳು ಎನ್ನಲಿಲ್ಲ. ತಲೆ ತಗ್ಗಿಸಿ ನಿಂತರು. ಫೋನುಗಳೆಲ್ಲ ಅವರ ಕಡೆಗೆ ತಿರುಗಿದ್ದವು.

ವಿನಯ್ ಓಡಿ ಬಂದ. ದನಿ ಬದಲಾಗಿತ್ತು. "ಚೇಚಿ, ಕಂಪನಿಯವರು ಮಾತಾಡೋಣ ಅಂತಿದ್ದಾರೆ. ಫಾತಿಮಾಳ ವಿಷಯ ನೋಡ್ತಾರಂತೆ. ಇವತ್ತೊಂದು ದಿನ ತಳ್ಳಿಬಿಡಿ."

"ನೋಡಿಕೊಳ್ಳುವವರನ್ನು ನಾವು ನೋಡಿಯಾಯಿತು" ಎಂದಳು ವಸಂತಿ. "ಮಾತಾಡುವವರು ಇಲ್ಲಿಗೆ ಬರಲಿ. ಕಾರಿನಲ್ಲಿ ಬಂದರೆ ಗೆರೆಯೊಳಗೆ ನಿಲ್ಲಿಸಲಿಕ್ಕೆ ಹೇಳಿ."

ಅವಳು ಹೋಗಿ ಫಾತಿಮಾಳ ಪಕ್ಕದಲ್ಲಿ ಕೂತಳು. ಟೈ ಕಟ್ಟಿದವರು, ಪರ್ಸು ಹಿಡಿದವರು ಒಬ್ಬೊಬ್ಬರಾಗಿ ತಮ್ಮ ಕಾರುಗಳಿಗೆ ಕೈಕೊಟ್ಟು ತಳ್ಳತೊಡಗಿದರು. ಮೈದಾನದ ತುಂಬ ಗುರುತಿಲ್ಲದವರು ಗುರುತಿಲ್ಲದವರಿಗೆ "ಕೈ! ಕೈ!" ಎಂದು ಕೂಗುತ್ತಿದ್ದರು. ಅವರೆಲ್ಲರಿಗೂ ಕೂಗಲು ಬರುತ್ತಿತ್ತು.