ಹಾಕಿಕೊಳ್ಳದವರ ಬೆಲ್ಟ್

"ಬೆಲ್ಟ್ ಹಾಕ್ಕೊಳ್ಳೂದೇ ಇಲ್ಲ ಅಂತ ಮುನಾಫ ಸರ್ ಮುಂದನ ಹೇಳಿಬಿಟ್ಟಾಳ ನೋಡು ಆ ಜಯಶ್ರೀ," ಎಂದ ಚೇತನಣ್ಣ, ಗೇರ್ ಬದಲಿಸುತ್ತ. "ಸರ್‌ಗೂ ಸಿಟ್ಟು ಬಂತು. ನಾಡದ ರವಿವಾರ ತನಕಾ ಟೈಮ್ ಕೊಟ್ಟಾರ. ಆಮ್ಯಾಲ ಕ್ಲಾಸಿಂದ ಹೊರಗ."

"ಯಾವ ಜಯಶ್ರೀ?"

"ನಿಮ್ಮ ಕಾಲೇಜಿನಾಕಿ. ಅವರಪ್ಪ ಬೀರಲಿಂಗಪ್ಪ ದೀಪಾವಳಿ ಆದಮ್ಯಾಲ ಅಮೀನಗಡ ಹತ್ರ ಕಬ್ಬಿನ ಟ್ರೇಲರ್‌ಗೆ ಬಡದು ಹ್ವಾದನಲ್ಲ, ಅಕಿ."

ನನಗೆ ಎರಡು ಸಲ ಆಶ್ಚರ್ಯವಾಯಿತು. ಜಯಶ್ರೀ ನನ್ನ ಹಿಂದಿನ ಬೆಂಚಿನಲ್ಲಿ ಕೂರುವವಳು. ನನ್ನ ಡಬ್ಬಿಯ ಶೇಂಗಾ ಹಿಂಡಿಯಲ್ಲಿ ಅರ್ಧ ಅವಳದೇ. ಅಪ್ಪ ಹೋದ ಮೇಲೆ ಅವಳು ಕಾರು ಅಂದರೆ ಸಾಕು, ಮಾತು ಬದಲಿಸುತ್ತಿದ್ದಳು. ಅಂಥವಳು ನಾವು ಕಲಿಯುತ್ತಿದ್ದ ಡ್ರೈವಿಂಗ್ ಕ್ಲಾಸಿಗೇ ಹೆಸರು ಕೊಟ್ಟಿದ್ದಾಳೆ, ನನಗೆ ಒಂದು ಮಾತು ಹೇಳಿಲ್ಲ. ಹೋದ ರವಿವಾರ ನಾನು ಇಂಟರ್ನಲ್ಸ್ ಓದಬೇಕೆಂದು ಮನೆಯಲ್ಲಿ ಉಳಿದಿದ್ದೆ. ಓದಲಿಲ್ಲ, ಆ ಮಾತು ಬೇರೆ. ಅವತ್ತೇ ಅವಳು ಮೊದಲ ಸಲ ಬಂದಿದ್ದಳಂತೆ.

ಅವಳು ಸರ್‌ಗೆ ಹೇಳಿದ್ದನ್ನು ಚೇತನಣ್ಣ ಹಾಗೆಯೇ ಒಪ್ಪಿಸಿದ.

"ನಮ್ಮಪ್ಪ ಬೆಲ್ಟ್ ಹಾಕ್ಕೊಂಡಿದ್ದರಿ ಸರ್. ಆದ್ರೂ ಹ್ವಾದ. ನನಗ ಬೆಲ್ಟ್ ಬ್ಯಾಡ, ಗಾಡಿ ನಿಲ್ಲಸೂದು ಕಲಸ್ರಿ."

ಅಪ್ಪ ಬೆಲ್ಟ್ ಹಾಕಿದ್ದ ಎಂದು ಮನೆಯವರಿಗೆ ಹೇಗೆ ಗೊತ್ತು ಅಂದರೆ, ಅವಳ ತಮ್ಮ ಹಣಮೇಶ ಅವತ್ತು ಹಿಂದಿನ ಸೀಟಿನಲ್ಲಿದ್ದ. ಅವನ ತೋಳು ಮಾತ್ರ ಮುರಿದಿತ್ತು. ಬೆಲ್ಟ್ ಹಾಕದಿದ್ದರೆ ಆ ಕಾರು ಕುಂಯ್ ಕುಂಯ್ ಅನ್ನುತ್ತದೆ, ಅವತ್ತು ದಾರಿಯುದ್ದಕ್ಕೂ ಒಮ್ಮೆಯೂ ಅನ್ನಲಿಲ್ಲ, ಅಂದಮೇಲೆ ಅಪ್ಪ ಹಾಕಿಕೊಂಡೇ ಇದ್ದ ಎಂದು ಅವನು ಎಲ್ಲರಿಗೂ ಹೇಳಿದ್ದ. ದವಾಖಾನೆಯಲ್ಲಿ ನೋಡಲು ಹೋದಾಗ ನನ್ನ ಮುಂದೆಯೂ ಹೇಳಿದ್ದ.

ಮುನಾಫ ಸರ್ ಬಗ್ಗೆ ಹೇಳಬೇಕು. ಹುನಗುಂದದಲ್ಲಿ ಅವರದು ಟೈರ್ ಅಂಗಡಿ. ವಯಸ್ಸಿನಲ್ಲಿದ್ದಾಗ ಕೊಲ್ಹಾಪುರ ಕಡೆ ರ‍್ಯಾಲಿಗಳಲ್ಲಿ ಕಾರು ಓಡಿಸಿದವರು. ರವಿವಾರ ಬಾಗಲಕೋಟೆಗೆ ಬಂದು ನವನಗರದ ಖಾಲಿ ಸೈಟುಗಳ ನಡುವೆ ನಮ್ಮಂಥ ಆರೇಳು ಜನರಿಗೆ ಕಲಿಸುತ್ತಾರೆ. ಅಲ್ಲಿ ರಸ್ತೆಗಳಿವೆ, ಬೀದಿದೀಪಗಳಿವೆ, ಮನೆಗಳು ಮಾತ್ರ ಇನ್ನೂ ಬಂದಿಲ್ಲ. ಮುಂದಿನ ತಿಂಗಳು ಅಲ್ಲೇ ಒಬ್ಬೊಬ್ಬರ ಓಟವನ್ನೂ ಗಡಿಯಾರ ಹಿಡಿದು ಅಳೆಯುವ ಒಂದು ಕಾರು ಸ್ಪರ್ಧೆ ಇದೆ. ಅದಕ್ಕೆ ಚೇತನಣ್ಣನ ಹಳೆಯ ಕಾರಿನಲ್ಲಿ ಅವನೂ ನಾನೂ ಇಬ್ಬರೂ ಇಳಿಯುವವರು. ಚೇತನಣ್ಣ ನಮ್ಮ ದೊಡ್ಡಪ್ಪನ ಮಗ. ಕಾರು ಅವನದು, ಹುಚ್ಚು ಇಬ್ಬರದೂ.

ಸರ್ ಮೊದಲು ಕಲಿಸುವುದು ವೇಗವನ್ನಲ್ಲ, ನಿಲ್ಲಿಸುವುದನ್ನು. ಒಂದು ಪೇಂಟ್ ಡಬ್ಬಿ ಇಟ್ಟಿರುತ್ತಾರೆ. ಅರವತ್ತರಲ್ಲಿ ಬಂದು, ಡಬ್ಬಿ ದಾಟುವಾಗ ಚೇಳು ತುಳಿದ ಹಾಗೆ ಬ್ರೇಕ್ ತುಳಿಯಬೇಕು. ಸ್ಟೇರಿಂಗ್ ನೆಟ್ಟಗಿರಬೇಕು. ಆಮೇಲೆ ಪಾದವನ್ನು ಮೆಲ್ಲಗೆ ಸಡಿಲಿಸುತ್ತ ತಿರುವಿಗೆ ಹೊರಳಬೇಕು, ಕಣ್ಣು ಮಾತ್ರ ಹೋಗಬೇಕಾದ ಕಡೆ. ಮೊದಲ ಸಲ ನಾನು ಹೆದರಿ ಸ್ಟೇರಿಂಗಿಗೇ ಜೋತುಬಿದ್ದೆ. ಕಾರು ಹಾವಿನ ಹಾಗೆ ಹೊಯ್ದಾಡಿತು. ಸರ್ ಇಳಿದು ಬಂದು ನನ್ನ ಬೆಲ್ಟನ್ನು ಬಿಗಿಯಾಗಿ ಎಳೆದು ಹೇಳಿದರು, "ಬೆಲ್ಟ್ ನಿನ್ನ ಹಿಡೀತೈತಿ. ನೀ ಗಾಡಿ ಹಿಡಿ." ಎರಡನೇ ಸಲ ಮೈ ಅಲ್ಲಾಡಲಿಲ್ಲ, ಕೈ ಹಗುರವಾಯಿತು, ಕಾರು ಹೇಳಿದ ಮಾತು ಕೇಳಿತು. ಅಂಥ ಖುಷಿ ನನಗೆ ಯಾವ ಪರೀಕ್ಷೆಯಲ್ಲೂ ಆಗಿಲ್ಲ.

ಆ ಖುಷಿಗೆ ಕಲ್ಲು ಹಾಕಿದ್ದು ಇಲಿಗಳು. ಕಾರು ನಿಲ್ಲುವುದು ದೊಡ್ಡಪ್ಪನ ಮೆಣಸಿನಕಾಯಿ ಗೋದಾಮಿನಲ್ಲಿ. ಒಂದು ದಿನ ಸರ್ ಬೆಲ್ಟ್ ಎಳೆದರೆ ಅದರ ಜೊತೆಗೆ ಇಲಿಯ ಹಿಕ್ಕೆ ಅವರ ಅಂಗೈಗೆ ಉದುರಿತು. ಅಂಚು ಕಚ್ಚಿ ಕಚ್ಚಿ ನಾರಾಗಿತ್ತು, ಉಚ್ಚೆಯ ನಾತ ಬೇರೆ. ಬೇರೆ ಬೆಲ್ಟ್ ಹಾಕಿಸುವ ತನಕ ಈ ಗಾಡಿ ತರಬೇಡಿ ಎಂದರು. ಹೊಸದು ತರಿಸಲು ಚೇತನಣ್ಣನಿಗೆ ಮನಸ್ಸಿಲ್ಲ. ಹಾಗಾಗಿ ಈ ಶುಕ್ರವಾರ ನಾವು ಬಾದಾಮಿ ದಾಟಿ ಕುಳಗೇರಿ ಕ್ರಾಸಿಗೆ ಹೊರಟಿದ್ದೆವು, ಒಡೆದ ಕಾರುಗಳ ಬಿಡಿಭಾಗ ಮಾರುವ ಹೊಳಬಸಪ್ಪನ ವಾಡೆಗೆ.

ವಾಡೆ ಅಂದರೆ ತಗಡಿನ ಬೇಲಿ ಹಾಕಿದ ಒಂದು ಬಯಲು. ಒಳಗೆ ಕಾಲಿಟ್ಟರೆ ಚಪ್ಪಲಿ ಎಣ್ಣೆಗೆ ಅಂಟಿ ಚಪ್ ಚಪ್ ಎನ್ನುತ್ತದೆ. ಒಂದು ಕಡೆ ಬಾಗಿಲುಗಳು, ಒಂದು ಕಡೆ ಸೀಟುಗಳು. ಸೀಟುಗಳ ಮೇಲೆ ಗುಟ್ಕಾ ಕಲೆಯೋ ಮತ್ತೇನೋ, ನಾನು ಹೆಚ್ಚು ನೋಡಲಿಲ್ಲ. ಒಂದು ಸೀಟಿನ ಸಂದಿಯಲ್ಲಿ ಹೆಣ್ಣುಮಕ್ಕಳ ಕೂದಲಿನ ಕ್ಲಿಪ್ಪು ಸಿಕ್ಕಿಕೊಂಡಿತ್ತು, ಕೂದಲ ಸಮೇತ. ಚೇತನಣ್ಣ ಅದರ ಪಕ್ಕದಲ್ಲೇ ಕೂತು ಬಾದಾಮಿಯಲ್ಲಿ ಕಟ್ಟಿಸಿಕೊಂಡ ಮಿರ್ಚಿ ಭಜಿ ಬಿಚ್ಚಿದ. ನನಗೂ ಒಂದು ಚಾಚಿದ. ನಾನು ಬೇಡವೆಂದು ಅವನ ಕೈಯನ್ನು ಹಿಂದಕ್ಕೆ ತಳ್ಳಿದೆ.

ಹೊಳಬಸಪ್ಪ ಹಣೆಯ ತುಂಬ ವಿಭೂತಿ ಹಚ್ಚಿಕೊಂಡ ದಪ್ಪ ಮನುಷ್ಯ. ಮಾತು ಬೆಣ್ಣೆ. ಬೆಲ್ಟ್ ಬೇಕು ಎಂದ ಕೂಡಲೇ ಮೂಲೆಯಲ್ಲಿ ರಾಶಿ ಬಿದ್ದಿದ್ದ ಬೆಲ್ಟುಗಳನ್ನು ತೋರಿಸಿದ. ನಾನೇ ಹೋಗಿ ಒಂದನ್ನು ಎಳೆದೆ. ಪಟ್ಟಿ ಅಲೆಅಲೆಯಾಗಿತ್ತು, ಇಸ್ತ್ರಿ ಮಾಡದ ಸೀರೆಯ ಅಂಚಿನ ಹಾಗೆ. ನಡುವೆ ಒಂದು ಕಡೆ ಉಜ್ಜಿ ಉಜ್ಜಿ ಹೊಳಪು ಬಂದಿತ್ತು.

ಅವನು ನಕ್ಕ. "ಅದು ಬ್ಯಾಡ ತಂಗಿ. ಅವು ಹಾಕ್ಕೊಂಡವರ ಬೆಲ್ಟ. ಗಾಡಿ ಬಡದಾಗ ಮಂದೀನ ಹಿಡದು ಜಗ್ಗಿ ಕೆಟ್ಟಾವ. ಅವನ್ನ ಯಾರೂ ಒಯ್ಯೂದಿಲ್ಲ. ಚಲೋ ಮಾಲ ಬ್ಯಾರೆ ಐತಿ, ಬಾ."

ಅವರು, ಆ ಹಾಕಿಕೊಂಡವರು, ಏನಾದರು ಎಂದು ಕೇಳಿದೆ. ಅವರೇ ಬಂದು ಗಾಡಿಯೊಳಗಿನ ದೇವರ ಫೋಟೊ, ಕಾಗದಪತ್ರ ಬಿಡಿಸಿಕೊಂಡು, ಚಹಾ ಕುಡಿದು ಹೋದರು ಎಂದ. ಒಬ್ಬರಂತೂ ಬೆಲ್ಟಿಗೆ ಬೈದು ಹೋದರಂತೆ, ಎದೆ ನೋವು ಮಾಡಿತು ಅಂತ.

"ಮತ್ತ ಚಲೋ ಮಾಲಿನವರು?"

ಹೊಳಬಸಪ್ಪ ಮೇಲೆ ನೋಡಿ ಕೈ ಮುಗಿದ. "ಶಿವನ ಪಾದ. ಅವರು ಹಾಕ್ಕೊಂಡಿರಂಗಿಲ್ಲಲ್ಲ, ಬೆಲ್ಟ್ ಕಂಪನಿಯಿಂದ ಬಂದ್ಹಂಗ ಇರತೈತಿ. ನಮಗೂ ಅದ ಬೇಕು."

ಅವನು ಇದನ್ನು ಗಿರಾಕಿಗೆ ಒಳ್ಳೆಯ ಸುದ್ದಿ ಹೇಳುವ ಧಾಟಿಯಲ್ಲೇ ಹೇಳಿದ. ಚೇತನಣ್ಣನೂ ಒಳ್ಳೆಯ ಸುದ್ದಿ ಕೇಳಿದವನ ಹಾಗೆ ತಲೆ ಆಡಿಸಿ, ಎಣ್ಣೆಗೈಯನ್ನು ಆ ಅಲೆಅಲೆ ಬೆಲ್ಟಿಗೇ ಒರೆಸಿಕೊಂಡು ಎದ್ದ.

ಚಲೋ ಮಾಲು ಇದ್ದದ್ದು ಬೇಲಿಯ ಕೊನೆಯಲ್ಲಿದ್ದ ಒಂದು ಬಿಳಿ ಕಾರಿನಲ್ಲಿ. ನಮ್ಮ ಕಾರಿನ ಕಂಪನಿಯದೇ, ಅದೇ ಮಾದರಿ, ಸ್ವಲ್ಪ ಹೊಸದು. ಮುಂಭಾಗ ಮುದ್ದೆಯಾಗಿತ್ತು. ಏರ್‌ಬ್ಯಾಗ್ ಸ್ಟೇರಿಂಗಿನಿಂದ ಹಾಲಿನ ಕೆನೆಯ ಹಾಗೆ ಜೋತುಬಿದ್ದು ಧೂಳು ಹಿಡಿದಿತ್ತು, ಅದರ ಮಡಿಕೆಯೊಳಗೆ ಇರುವೆಗಳು. ಬಾಗಿಲು ತೆಗೆದರೆ ಕೊಳೆತ ಹಣ್ಣಿನ ವಾಸನೆ. ಚೇತನಣ್ಣ ಡ್ರೈವರ್ ಬೆಲ್ಟನ್ನು ಎಳೆದು ನೋಡಿದ. ಪಟ್ಟಿ ಸರಾಗವಾಗಿ ಬಂತು, ನೆಟ್ಟಗೆ, ನುಣ್ಣಗೆ, ಒಂದು ಗೀರಿಲ್ಲ. ಜಗ್ಗಿದರೆ ಟಕ್ ಎಂದು ಹಿಡಿಯಿತು.

"ಎ ಒನ್," ಎಂದ ಅವನು.

ಬೆಲ್ಟಿನ ತುದಿ ಕೂರುವ ಬಕಲ್‌ನೊಳಗೆ ಬೇರೇನನ್ನೋ ಸಿಕ್ಕಿಸಿದ್ದರು. ಹೊಳಬಸಪ್ಪ ಅದನ್ನು ಒತ್ತಿ ತೆಗೆದ. ಬೆರಳುದ್ದದ ಕಬ್ಬಿಣದ ನಾಲಿಗೆ, ಮೇಲೆ ಕಪ್ಪು ಪ್ಲಾಸ್ಟಿಕ್ಕು. ಸೀಟ್ ಕವರಿನ ಅಂಗಡಿಗಳಲ್ಲಿ ಎಲ್ಲ ಕಡೆ ಸಿಗುತ್ತದೆ. ಬಕಲಿಗೆ ಇದನ್ನು ಚುಚ್ಚಿಟ್ಟರೆ ಕಾರು ಬೆಲ್ಟ್ ಹಾಕಿದ್ದಾರೆ ಎಂದು ನಂಬಿ ಸುಮ್ಮನಾಗುತ್ತದೆ. ಅದನ್ನು ಅವನು ಚೇತನಣ್ಣನ ಕೈಗೆ ಇಟ್ಟು, ಇದು ನನ್ನ ಕಡೆಯಿಂದ ಇರಲಿ ಎಂದ. ಚೇತನಣ್ಣ ಖುಷಿಯಾಗಿ ಜೇಬಿಗೆ ಹಾಕಿಕೊಂಡ.

"ಅಪ್ಪಗ ಬೇಕಾಗಿತ್ತು. ಹೊಸ ಗಾಡಿ ಬರೇ ಬಾಯಿ ಮಾಡತೈತಿ ಅಂತಿದ್ದ."

ನನಗೆ ಮೈಮೇಲೆ ಹುಳ ಬಿಟ್ಟ ಹಾಗಾಯಿತು. ಗಾಳಿ ಬೇಕೆಂದು ಕಾರಿನ ಹಿಂದಕ್ಕೆ ಹೋದೆ. ಹಿಂದಿನ ಗಾಜು ಒಡೆದಿರಲಿಲ್ಲ. ನಮ್ಮ ಕಡೆ ಎಲ್ಲ ಕಾರುಗಳಿಗೂ ಇರುವ ಹಾಗೆ ಅದರ ಮೇಲೆ ದೇವರ ಹೆಸರು, ಅದರ ಕೆಳಗೆ ಮಕ್ಕಳ ಹೆಸರು ಬರೆಸಿದ್ದರು. ಮೇಲೆ ಶ್ರೀ ಬೀರಲಿಂಗೇಶ್ವರ ಪ್ರಸನ್ನ. ಕೆಳಗೆ ಹಳದಿ ಅಕ್ಷರದಲ್ಲಿ ಜಯಶ್ರೀ, ಹಣಮೇಶ.

ಜಯಶ್ರೀ ಎಷ್ಟೋ ಜನ ಇರುತ್ತಾರೆ ಎಂದುಕೊಂಡೆ. ಹೊಳಬಸಪ್ಪನನ್ನು ಕೇಳಿದೆ, ಈ ಗಾಡಿ ಎಲ್ಲಿಯದು. ಅಮೀನಗಡ ಹತ್ತಿರದ್ದು, ಕಬ್ಬಿನ ಟ್ರೇಲರಿಗೆ ಹೊಡೆದದ್ದು ಎಂದ.

ಚೇತನಣ್ಣ ಅಷ್ಟರಲ್ಲಿ ಪಾನಾ ಹಿಡಿದು ಬೆಲ್ಟಿನ ಕೆಳಗಿನ ಬೋಲ್ಟಿಗೆ ಕೈ ಹಾಕಿದ್ದ. ಬಿಚ್ಚಬೇಡ ಎಂದೆ. ಗಾಜಿನ ಮೇಲಿನ ಹೆಸರು ತೋರಿಸಿದೆ. ಅವನು ಓದಿದ, ಮುಖ ಸ್ವಲ್ಪ ಬಿಳಿಚಿತು, ಆಮೇಲೆ ಪಾನಾ ಮತ್ತೆ ಬೋಲ್ಟಿಗೆ ಕೂಡಿಸಿದ.

"ಅಕಿಗೆ ಗೊತ್ತಾಗೂದಿಲ್ಲ ಬಿಡು. ಬೆಲ್ಟಿನ ಮ್ಯಾಲೆ ಹೆಸರು ಬರದಿರತೈತೇನು?"

"ಅಣ್ಣಾ, ಅವರಪ್ಪ ಹಾಕ್ಕೊಂಡಿದ್ದಿಲ್ಲ."

"ಹೌದು. ಅದಕ್ಕ ಬೆಲ್ಟ್ ಚಲೋ ಐತಿ."

ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನಾನು ಬಿಡಿಸಿ ಹೇಳಿದೆ. ಹಾಕಿಕೊಂಡ ಬೆಲ್ಟ್ ಅಪ್ಪನನ್ನು ಉಳಿಸಲಿಲ್ಲ ಎಂದು ನಂಬಿಕೊಂಡು ಜಯಶ್ರೀ ಬೆಲ್ಟ್ ಬೇಡ ಅನ್ನುತ್ತಿದ್ದಾಳೆ. ರವಿವಾರ ಸರ್ ಅವಳನ್ನು ಹೊರಗೆ ಹಾಕುತ್ತಾರೆ. ಅವಳು ಸುಮ್ಮನಿರುವವಳಲ್ಲ, ಇನ್ನೆಲ್ಲೋ, ಯಾರದೋ ಗಾಡಿಯಲ್ಲಿ ಕಲಿಯುತ್ತಾಳೆ, ಬೆಲ್ಟ್ ಇಲ್ಲದೆ. ಈ ಬೆಲ್ಟು, ಆ ಕಬ್ಬಿಣದ ತುಂಡು ಇದ್ದಲ್ಲೇ ಇರುವುದನ್ನು ಅವಳು ಒಮ್ಮೆ ಕಣ್ಣಾರೆ ನೋಡಬೇಕು.

ನೋಡಿದರೆ ಏನಾಗುತ್ತದೆ, ಅಪ್ಪ ಗಾಡಿಗೇ ಸುಳ್ಳು ಹೇಳಿ ಸತ್ತ ಅಂತ ಗೊತ್ತಾಗಿ ಇನ್ನೂ ಅಳುತ್ತಾಳೆ, ಅಷ್ಟೇ ಎಂದ ಅವನು. ಸತ್ತವನ ಮರ್ಯಾದೆ ತೆಗೆಯುವುದು ನಮಗೇಕೆ ಎಂದ. ಆ ಮಾತು ಮಾತ್ರ ಅವನು ಅವತ್ತು ಆಡಿದ ಮಾತುಗಳಲ್ಲೆಲ್ಲ ಸರಿಯಾದದ್ದು. ಆದರೆ ಅದನ್ನು ಹೇಳುತ್ತ ಬೋಲ್ಟ್ ತಿರುಗಿಸುತ್ತಲೇ ಇದ್ದನಲ್ಲ, ಅದನ್ನು ನೋಡಿ ನನಗೆ ಅವನ ಮೇಲೆ ಹೇಸಿಗೆಯಾಯಿತು. ನಮ್ಮ ಅಣ್ಣ, ಚಿಕ್ಕಂದಿನಲ್ಲಿ ನನ್ನ ಎಂಜಲು ಐಸ್ ತಿಂದವನು. ಅವನ ಕೈ ನೋಡಲು ಆಗಲಿಲ್ಲ.

ನಾನು ಆಚೆ ಬಾಗಿಲಿನಿಂದ ಒಳಗೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂತುಬಿಟ್ಟೆ. ಸೀಟು ಜಿಗಟಾಗಿತ್ತು. ಏರ್‌ಬ್ಯಾಗ್ ಮೊಣಕಾಲಿಗೆ ತಾಗುತ್ತಿತ್ತು, ಇರುವೆ ಪಾದದ ಮೇಲೆ ಹತ್ತಿದವು. ಮೂಗು ಮುಚ್ಚಿಕೊಂಡು ಕೂತೆ.

"ಅದನ್ನ ಕೊಡು," ಎಂದೆ.

"ಏನನ್ನ?"

"ದೊಡ್ಡಪ್ಪಗ ಒಯ್ಯಾಕತ್ತೀಯಲ್ಲ, ಅದನ್ನ."

ಚೇತನಣ್ಣ ಹೊಳಬಸಪ್ಪನ ಮುಖ ನೋಡಿದ. ಹೊಳಬಸಪ್ಪನಿಗೆ ಅಷ್ಟು ಹೊತ್ತಿಗೆ ವಿಷಯ ತಿಳಿದಿತ್ತು. ಮಗಳು ಬರುತ್ತಾಳೆ, ಅಳುತ್ತಾಳೆ, ಗಿರಾಕಿಗಳು ಓಡುತ್ತಾರೆ ಎಂದು ಗೊಣಗಿದ. ಆಮೇಲೆ ವಿಭೂತಿ ಹಣೆ ತುರಿಸಿಕೊಂಡು, ನಾಳೆ ಮಧ್ಯಾಹ್ನದ ತನಕ ಕೈ ಹಚ್ಚುವುದಿಲ್ಲ, ಅದರ ಮೇಲೆ ಯಾರು ಕೇಳಿದರೂ ಕೊಟ್ಟುಬಿಡುತ್ತೇನೆ ಎಂದ. ಚೇತನಣ್ಣ ಕಬ್ಬಿಣದ ತುಂಡನ್ನು ನನ್ನ ತೊಡೆಯ ಮೇಲೆ ಎಸೆದ. ಓಢಣಿಯ ತುದಿಯಲ್ಲಿ ಹಿಡಿದು ಅದನ್ನು ಮತ್ತೆ ಬಕಲಿಗೆ ಚುಚ್ಚಿದೆ. ಅಲೆಅಲೆ ಬೆಲ್ಟೊಂದನ್ನೂ ರಾಶಿಯಿಂದ ತಂದು ಪಕ್ಕದ ಸೀಟಿನ ಮೇಲೆ ಇಟ್ಟೆ. ಎರಡನ್ನೂ ಒಟ್ಟಿಗೆ ಮುಟ್ಟಿ ನೋಡಿದರೆ ಯಾರಿಗಾದರೂ ತಿಳಿಯುತ್ತದೆ.

ಹಾಗಾದರೆ ರವಿವಾರ ನಮ್ಮ ಗಾಡಿಗೆ ಬೆಲ್ಟ್ ಇಲ್ಲ, ಕ್ಲಾಸೂ ಇಲ್ಲ, ಸ್ಪರ್ಧೆಯನ್ನೂ ಮರೆತುಬಿಡು, ನಾಳೆ ನಿನ್ನ ಗೆಳತಿಯನ್ನು ನನ್ನ ಕಾರಿನಲ್ಲಿ ಕರೆದುಕೊಂಡು ಬರುವುದೂ ಇಲ್ಲ ಎಂದು ಚೇತನಣ್ಣ ಒಂದೇ ಉಸಿರಿಗೆ ಹೇಳಿ ಹೊರಗೆ ಹೋದ. ಡಬ್ಬಿ, ಬ್ರೇಕು, ಹಗುರವಾದ ಕೈ, ಎಲ್ಲ ಕಣ್ಣ ಮುಂದೆ ಬಂದವು. ಆದರೆ ಈ ಬೆಲ್ಟನ್ನು ಎದೆಗೆ ಹಾಕಿಕೊಂಡು ಓಡಿಸುವುದು ನನ್ನಿಂದ ಆಗುವ ಮಾತಾಗಿರಲಿಲ್ಲ.

ಬೇಲಿಯ ಹೊರಗೆ ಬಂದು ಜಯಶ್ರೀಗೆ ಫೋನ್ ಮಾಡಿದೆ. ಅವಳ ಹಿಂದೆ ರಾಮವ್ವ, ಅವಳ ತಾಯಿ, ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

"ಜಯಾ, ನಿಮ್ಮಪ್ಪನ ಗಾಡಿ ಇಲ್ಲೈತಿ. ಕುಳಗೇರಿ ಕ್ರಾಸಿನ್ಯಾಗ."

ಅವಳು ಎದ್ದು ಬೇರೆ ಕಡೆ ಹೋದಳೆಂದು ಕಾಣುತ್ತದೆ, ರೊಟ್ಟಿಯ ಸಪ್ಪಳ ದೂರವಾಯಿತು.

"ಬೆಲ್ಟ್ ಹರದೈತೇನು?"

"ಹರದಿಲ್ಲ."

"ಮತ್ತ?"

ನಾಲಿಗೆಯ ತುದಿಗೆ ಬಂದಿತ್ತು. ಫೋನಿನಲ್ಲಿ ಹೇಳಿದರೆ ಅದು ಬರೀ ನನ್ನ ಮಾತು, ಅವಳ ತಮ್ಮನ ಮಾತಿನ ಎದುರು ಇನ್ನೊಂದು ಮಾತು, ಅಷ್ಟೇ.

"ನೀನ ನೋಡಬೇಕು. ಮುಟ್ಟಿ ನೋಡಬೇಕು."

"ಕೆಟ್ಟದ್ದೇನು?"

"ಹೂಂ. ಕೆಟ್ಟದ್ದ. ಆದ್ರೂ ಬಾ."

ಆ ಕಡೆ ಬಾಗಿಲು ಹಾಕಿಕೊಂಡ ಸಪ್ಪಳ ಬಂತು.

"ಹಣಮೇಶನ್ನ ಕರಕೊಂಡು ಬರ್ತೇನಿ," ಎಂದಳು. "ಗಾಡ್ಯಾಗ ಅವ ಇದ್ನಲ್ಲ. ಅವ್ವಗ ಈಗ ಹೇಳೂದಿಲ್ಲ."

"ಬ್ಯಾಡ, ಅವ್ವಗ ಈಗ ಹೇಳಬ್ಯಾಡ."

"ನಾಳೆ ಮುಂಜಾನಿ ಎಂಟಕ್ಕ ನವನಗರ ಬಸ್‌ಸ್ಟ್ಯಾಂಡಿನ್ಯಾಗ ಇರ್ತೇವಿ. ಬಾದಾಮಿ ಬಸ್ ನಿಲ್ಲೂ ಕಡೆ. ನೀ ತಡಾ ಮಾಡಬ್ಯಾಡ."

"ಎಂಟಕ್ಕ ಅಲ್ಲೇ ಇರ್ತೇನಿ," ಎಂದೆ.