ಗೆರೆ ತಪ್ಪಿದ ಚುಕ್ಕೆ

ತಟ್ಟೆಯ ಮುಚ್ಚಳದ ಒಳಮೈಯಲ್ಲಿ ಬೆವರು ಕಟ್ಟಿದೆ, ಒರೆಸುವ ಹಾಗಿಲ್ಲ, ಓರೆ ಮಾಡಿ ಬೆಳಕಿಗೆ ಹಿಡಿಯಬೇಕು — ಹಿಡಿದಳು, ಮತ್ತೆ ಹಿಡಿದಳು, ಇದೆ, ಅಯ್ಯೋ ಇದೆ, ರೋಗಾಣು ಬೆಳೆಸಲೆಂದು ಹೆಪ್ಪುಗಟ್ಟಿಸಿದ ಕೆಂಪು ಅಗಾರಿನ ಮೇಲೆ ಸಾಸಿವೆಯಷ್ಟು ಒಂದು ಬಿಳಿ ಚುಕ್ಕೆ. ಇಷ್ಟು ವರ್ಷ ಈ ಲ್ಯಾಬಿನಲ್ಲಿ ಕೂತು ಯಾರ್ಯಾರದೋ ತಟ್ಟೆಗಳಲ್ಲಿ ಏನೂ ಬೆಳೆಯದಿರಲಪ್ಪಾ ಎಂದುಕೊಂಡವಳು ಇವತ್ತು ಬೆಳೆಯಲಿ ಎಂದು ಕಾದಿದ್ದಾಳೆ, ಏಕೆಂದರೆ ಇದು ಅಕ್ಕನದು, ಮೇಲಿನ ವಾರ್ಡಿನಲ್ಲಿ ಜ್ವರ ತಲೆಗೇರಿ ಮಲಗಿರುವ, ನಿನ್ನೆ ಇವಳನ್ನೇ ನೋಡಿ ನೀವು ಯಾರಮ್ಮಾ ಎಂದು ಕೇಳಿದ ಅಕ್ಕನ ಬೆನ್ನುಮೂಳೆಗೆ ಸೂಜಿ ಹಾಕಿ ತೆಗೆದ ನೀರಿನದು. ಬ್ಯಾಕ್ಟೀರಿಯಾ ಆದರೆ ಬೆಳೆಯುತ್ತದೆ, ಬೆಳೆದರೆ ಔಷಧಿ ಇದೆ. ವೈರಸ್ ಆದರೆ ತಟ್ಟೆಯಲ್ಲಿ ಏನೂ ಕಾಣುವುದಿಲ್ಲ, ಈಗ ಊರಲ್ಲಿ ಹಬ್ಬಿರುವ ಆ ವೈರಸ್ಸಿಗೆ ಕೊಡೋಕೆ ನಮ್ಮ ಹತ್ರ ಏನೂ ಇಲ್ಲ ಎಂದು ಡಾಕ್ಟರು ಕನ್ನಡಕ ಒರೆಸುತ್ತ ಹೇಳಿದ್ದರು, ತಟ್ಟೆ ನೋಡಿ ಫೋನ್ ಮಾಡಿ, ಅಲ್ಲೀವರೆಗೆ ಬ್ಯಾಕ್ಟೀರಿಯಾದ ಔಷಧಿ ಹಾಕಿರ್ತೀನಿ ಎಂದಿದ್ದರು.

ಬೆಳೆದಿದೆಯಲ್ಲ, ಸದ್ಯ, ಬ್ಯಾಕ್ಟೀರಿಯಾ ಎಷ್ಟೋ ವಾಸಿ, ಅದಕ್ಕೆ ತನ್ನದೇ ಗೋಡೆ, ಗೋಡೆಯೊಳಗೆ ತೆಳುವಾದ ಪೊರೆ, ಪೊರೆಯೊಳಗೆ ಕೋಶಕೇಂದ್ರದ ಗೊಡವೆಯಿಲ್ಲದೆ ಸುರುಳಿಯಾಗಿ ಬಿದ್ದಿರುವ ಡಿಎನ್‌ಎ ಎಳೆ, ತಿನ್ನಲು ಸಿಕ್ಕರೆ ಸಾಕು, ಎಳೆ ಎರಡಾಗುತ್ತದೆ, ಗೋಡೆ ನಡುವೆ ಒಳಕ್ಕೆ ಚಿವುಟಿಕೊಳ್ಳುತ್ತದೆ, ಒಂದಿದ್ದದ್ದು ಎರಡು, ಇನ್ನೊಬ್ಬರ ಹಂಗಿಲ್ಲ — ಒಂದು ಸಂಜೆ ಇದನ್ನು ಹೇಳಿದ್ದಕ್ಕೆ ಅಕ್ಕ ಹೊಲಿಗೆ ಯಂತ್ರದಿಂದ ತಲೆಯೆತ್ತದೆ, ಗಂಡೂ ಬೇಡ ಹೆಣ್ಣೂ ಬೇಡ, ಒಳ್ಳೆ ಸಂಸಾರ ಬಿಡು, ಕಾಣದೇ ಇರೋದನ್ನ ನೋಡೋಕೆ ನಿಂಗೆ ಸಂಬಳ ಬೇರೆ ಕೊಡ್ತಾರೆ ಅಂದಿದ್ದಳು. ವೈರಸ್ ಹಾಗಲ್ಲ ಕಣೇ ಅಕ್ಕ, ಅದಕ್ಕೆ ಸ್ವಂತದ ಒಲೆಯಿಲ್ಲ, ಪ್ರೋಟೀನಿನ ಒಂದು ಕವಚ, ಒಳಗೆ ಮಡಚಿಟ್ಟ ಒಂದಿಷ್ಟು ವಂಶದ ಎಳೆ, ಅಷ್ಟೇ, ಯಾವುದೋ ಜೀವಕೋಶದೊಳಗೆ ನುಗ್ಗಿ ಅದರ ಪಾತ್ರೆ ಪಡಗದಲ್ಲೇ ತನ್ನಂಥವನ್ನು ರಾಶಿ ರಾಶಿ ಮಾಡಿಸಿಕೊಂಡು ಹೊರಗೆ ಬೀಳುತ್ತೆ, ಒಂಟಿಯಾಗಿದ್ದಾಗ ಬದುಕಿದೆ ಅನ್ನೋ ಹಾಗೂ ಇಲ್ಲ ಸತ್ತಿದೆ ಅನ್ನೋ ಹಾಗೂ ಇಲ್ಲ. ನಿನ್ನ ಥರಾನೇ ಅನ್ನು, ನಾನಿಲ್ದಿದ್ರೆ ಹಾಲು ಕಾಯಿಸೋಕೂ ಬರಲ್ಲ, ಅಂದಿದ್ದಳು ಅಕ್ಕ. ಬರಲ್ಲ ಕಣೇ, ನಿಜವಾಗಿಯೂ ಬರಲ್ಲ, ಇವತ್ತು ಬೆಳಿಗ್ಗೆ ಉಕ್ಕಿಸಿ ಒಲೆಯೆಲ್ಲ ಹೊಲಸು ಮಾಡಿದೆ, ಉಳಿದದ್ದನ್ನು ಎರಡು ಲೋಟಕ್ಕೆ ಬಗ್ಗಿಸಿ ಸುಮ್ಮನೆ ನಿಂತಿದ್ದೆ, ಮನೆ ಎಷ್ಟು ಭಣಗುಟ್ಟುತ್ತೆ ಗೊತ್ತಾ ನಿನ್ನ ಯಂತ್ರದ ಸದ್ದಿಲ್ಲದೆ.

ಕೆಲಸ ನೋಡು, ಕೆಲಸ. ತಟ್ಟೆ ತಿರುಗಿಸಿದಳು. ನೀರಿನ ಹನಿಯನ್ನು ತಂತಿಯಿಂದ ಅತ್ತಿಂದಿತ್ತ ಎಳೆದ ಗೆರೆಗಳು ಅಗಾರಿನಲ್ಲಿ ಇನ್ನೂ ಮಸುಕಾಗಿ ಕಾಣುತ್ತಿವೆ, ಚುಕ್ಕೆ — ಚುಕ್ಕೆ ಎಲ್ಲಿದೆ, ಗೆರೆಯ ಮೇಲಿಲ್ಲ, ಅಂಚಿಗೆ ಹೋಗಿ ಕೂತಿದೆ. ಗೆರೆಯ ಮೇಲೆ ಬೆಳೆದದ್ದು ರೋಗಿಯದು, ಗೆರೆ ಬಿಟ್ಟು ಬೆಳೆದದ್ದು ಗಾಳಿಯದು, ಕೈಯದು, ಬಾಯಿಯದು, ಹೊಸಬರಿಗೆ ಮೊದಲ ದಿನವೇ ಅವಳೇ ಹೇಳಿಕೊಡುವ ಮಾತು. ಇರಲಿ, ಅಂಚಿಗೆ ಸಿಡಿದಿರಬಹುದು, ಹನಿ ಸಿಡಿಯಬಾರದು ಅಂತೇನಿದೆ, ಚುಕ್ಕೆಯಿಂದ ಚೂರು ತೆಗೆದು ಗಾಜಿನ ಮೇಲೆ ಸವರಿ ಬಣ್ಣ ಹಾಕಿ ತೊಳೆದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು, ನೇರಳೆ ಗುಂಡುಗಳು, ದ್ರಾಕ್ಷಿ ಗೊಂಚಲು, ಎಲ್ಲರ ಚರ್ಮದ ಮೇಲೂ ಮೂಗಿನಲ್ಲೂ ತಣ್ಣಗೆ ಕೂತಿರುವಂಥವು. ಮೂಗು. ಮೊನ್ನೆ ಅಕ್ಕನ ಹೆಸರಿನ ಸೀಸೆ ಕೈಗೆ ಬಂದಾಗ ಅಳು ತಡೆಯಲಾರದೆ ಮಾಸ್ಕ್ ಕೆಳಗೆಳೆದು ಮೂಗೊರೆಸಿಕೊಂಡಿದ್ದಳು, ಮೇಲೆಳೆಯುವುದನ್ನು ಮರೆತು ಮುಚ್ಚಳ ಪೂರ್ತಿ ತೆಗೆದು, ಅಕ್ಕಾ, ಏನಾದ್ರೂ ಬೆಳೆಸಿ ಕೊಡೇ, ಅಂದಿದ್ದಳು, ತೆರೆದ ತಟ್ಟೆಯ ಮೇಲೆ ಮುಖವಿಟ್ಟು, ಹೊಸಬರು ಯಾರಾದರೂ ಹೀಗೆ ಮಾಡಿದ್ದರೆ ಬೈದು ನೀರಿಳಿಸುತ್ತಿದ್ದಳು. ಬೆಳೆದಿದೆ ಎಂದುಬಿಟ್ಟರೆ ಯಾರು ನೋಡುತ್ತಾರೆ, ಔಷಧಿ ಹರಿಯುತ್ತಿರುತ್ತದೆ, ಇನ್ನೊಂದೆರಡು ದಿನ ಆಸೆ ಇಟ್ಟುಕೊಳ್ಳಬಹುದು, ಆದರೆ ಆ ಔಷಧಿ ಒಡೆಯುವುದು ಬ್ಯಾಕ್ಟೀರಿಯಾದ ಗೋಡೆ, ಗೋಡೆಯೇ ಇಲ್ಲದ್ದರ ಏನನ್ನು ಒಡೆದೀತು, ಅಕ್ಕನ ಕಿಡ್ನಿ ಆಗಲೇ ಅದನ್ನು ತಾಳುತ್ತಿಲ್ಲ ಎಂದು ನರ್ಸ್ ಹೇಳಿದ್ದಾಳೆ. ಫೋನ್ ಎತ್ತಿಕೊಂಡಳು. ಡಾಕ್ಟ್ರೇ, ಬೆಳೆದಿಲ್ಲ. ಏನೂ ಇಲ್ವಾ? ಒಂದು ಚುಕ್ಕೆ ಇದೆ, ಅಕ್ಕಂದಲ್ಲ, ನಂದು, ನನ್ನ ಬಾಯಿಂದ ಬಿದ್ದಿದ್ದು. ಸರಿ ಹಾಗಾದ್ರೆ, ಔಷಧಿ ನಿಲ್ಲಿಸ್ತೀನಿ, ಇನ್ನು ಅವರ ಮೈಯೇ ಗೆಲ್ಲಬೇಕು, ನೀವೊಂದ್ಸಲ ಮೇಲೆ ಬಂದು ಕೂತ್ಕೊಳ್ಳಿ. ಬರ್ತೀನಿ ಅಂದಳು, ತಟ್ಟೆಯನ್ನು ಕಸದ ಚೀಲಕ್ಕೆ ಹಾಕಿ ಹೋಗಬೇಕು, ಕೈ ಬಿಡುತ್ತಿಲ್ಲ, ಗೆರೆಯುದ್ದಕ್ಕೂ ಅಕ್ಕನದು ಅನ್ನುವಂಥದ್ದು ಏನೂ ಇಲ್ಲ, ಖಾಲಿ ಕೆಂಪು, ಅಂಚಿನಲ್ಲಿ ಅವಳದು, ಬಿಳಿ, ಒಂದೇ ಒಂದು —